ಸಿದ್ದಾಪುರಕ್ಕೇ ಹೋಗೋಣ

ದಾಕ್ಷಾಯಿಣಿ ನಾಲ್ಕು ಜನರ ನಡುವೆ ಬಾಯಿ ಬಿಟ್ಟವಳಲ್ಲ. ಚಳ್ಳಕೆರೆಯ ಅವಳ ಬೀದಿಯ ಹೆಂಗಸರು ಸೋಮವಾರ ಸಂಜೆ ಮುದ್ದಕ್ಕನ ಮನೆಯ ಪಡಸಾಲೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಮುದ್ದಕ್ಕ ನಿವೃತ್ತ ಟೀಚರು, ಬೀದಿಗೆಲ್ಲ ಹಿರಿಯಳು. ಭಜನೆ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ, ಒಂದಿಷ್ಟು ಹರಟೆ. ದಾಕ್ಷಾಯಿಣಿ ಗೋಡೆಗೆ ಒರಗಿ ಕೂತು ಎಲ್ಲರ ಮಾತಿಗೂ ತಲೆಯಾಡಿಸಿ, ಗಂಡ ಬರುವ ಹೊತ್ತಾಯಿತೆಂದು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದಳು.

ಅಂಥವಳು ಆ ಸೋಮವಾರ ಪಡಸಾಲೆಯ ನಡುವೆ ಎದ್ದು ನಿಂತು, "ಸಿದ್ದಾಪುರಕ್ಕೇ ಹೋಗೋಣ" ಅಂದಳು. ಮಂಡಕ್ಕಿಗೆ ಕೈ ಹಾಕಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಒಂದು ದಿನದ ಪ್ರವಾಸದ ಮಾತು ನಡೆದಿತ್ತು. ವ್ಯಾನಿನ ಬಾಲರಾಜು ಮೂರು ಕಡೆಯ ಫೋಟೋಗಳನ್ನು ಫೋನಿನಲ್ಲಿ ತೋರಿಸಿ ಹೋಗಿದ್ದ. ಮಾರಿಕಣಿವೆ, ಚಿತ್ರದುರ್ಗದ ಕೋಟೆ, ಇಲ್ಲವೇ ಮೊಳಕಾಲ್ಮೂರಿನ ಆಚೆಯ ಸಿದ್ದಾಪುರ. ಸಿದ್ದಾಪುರದ್ದು ಹೊಸದು. ಊರಿನ ಗೈಡೇ ಜೊತೆಗಿದ್ದು ಅಶೋಕನ ಕಾಲದ ಬರಹ, ಬ್ರಹ್ಮಗಿರಿ, ಗುಡ್ಡದ ಬಂಡೆಗಳನ್ನೆಲ್ಲ ತೋರಿಸಿ, ಮಧ್ಯಾಹ್ನ ಊರಲ್ಲೇ ರೊಟ್ಟಿ ಊಟ ಹಾಕಿಸುತ್ತಾನೆ ಎಂದಿದ್ದ. ಕೋಟೆ ಹತ್ತಲು ಮೊಣಕಾಲು ಬಿಡದು ಎಂದು ಅದು ಮೊದಲೇ ಬಿದ್ದುಹೋಗಿತ್ತು. ಉಳಿದವರೆಲ್ಲರ ಮನಸ್ಸು ಮಾರಿಕಣಿವೆಯ ಕಡೆಗಿತ್ತು.

"ಅಲ್ಲ ಅತ್ತಿಗೆ, ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದಳು ತಿಪ್ಪೇರುದ್ರಮ್ಮ. ಅವಳು ದಾಕ್ಷಾಯಿಣಿಯ ಗಂಡನಿಗೆ ಚಿಕ್ಕಪ್ಪನ ಮಗಳು, ಎರಡು ಮನೆ ಆಚೆ ಇದ್ದವಳು. "ಕಣಿವೆ ತುಂಬೈತೆ ಈ ಸಲ. ಅಷ್ಟು ನೀರು ಕಣ್ತುಂಬ ನೋಡಿ ಯಾವ ಕಾಲ ಆಯ್ತು!"

"ನಂಗೆ ಹರಕೆ ಐತೆ. ಅಲ್ಲಿನ ಜಟಿಂಗರಾಮೇಶ್ವರನ ಬೆಟ್ಟಕ್ಕೆ."

"ಯಾವಾಗ ಹೊತ್ಕಂಡ್ರಿ?"

"ನಿಮ್ಮಣ್ಣಂಗೆ ಹೋದ ವರ್ಷ ಎದೆ ನೋವು ಬಂದಿತ್ತಲ್ಲ, ಆವಾಗ." ಅವಳು ಎಲ್ಲರ ಕಡೆಗೂ ತಿರುಗಿದಳು. "ನೀವ್ಯಾರೂ ಬೆಟ್ಟ ಹತ್ತೋದು ಬ್ಯಾಡ. ಕೆಳಗೆ ಕೂತಿರ್ರಿ, ನಾನೊಬ್ಳೇ ಹೋಗಿ ಬರ್ತೀನಿ. ಕೈ ಮುಗಿತೀನಿ, ಇದೊಂದ್ಸಲ ನನ್ ಮಾತು ನಡೆಸ್ಕೊಡ್ರಿ."

ಅಣ್ಣನ ಹರಕೆ ಎಂದ ಮೇಲೆ ತಿಪ್ಪೇರುದ್ರಮ್ಮ ಕಣಿವೆಯ ಮಾತು ಬಿಟ್ಟಳು. ಮುದ್ದಕ್ಕ ದಾಕ್ಷಾಯಿಣಿಯ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು, ಬರೋ ಭಾನುವಾರ ಸಿದ್ದಾಪುರಕ್ಕೇ" ಎಂದು ಮುಗಿಸಿಬಿಟ್ಟಳು.

ಹರಕೆಯೂ ಇರಲಿಲ್ಲ, ಬೆಟ್ಟ ಹತ್ತುವ ಆಸೆಯೂ ಇರಲಿಲ್ಲ. ಸಿದ್ದಾಪುರದಲ್ಲಿ ಮಗಳಿದ್ದಳು.

ದಾಕ್ಷಾಯಿಣಿಯ ಗಂಡ ಸೋಮಶೇಖರಪ್ಪನದು ಬಸ್‌ಸ್ಟ್ಯಾಂಡಿನ ಎದುರು ಕಡಲೆಕಾಯಿ ಎಣ್ಣೆಯ ಅಂಗಡಿ. ತಾತನ ಕಾಲದ್ದು. ಒಬ್ಬಳೇ ಮಗಳು ತ್ರಿವೇಣಿಯನ್ನು ಆತ ಕಾಲೇಜಿಗೆ ತಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದ. ಅವಳಿಗೆ ಜ್ವರ ಬಂದರೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂರುತ್ತಿದ್ದ. ಆ ಮಗಳು ಜೊತೆಯಲ್ಲಿ ಓದಿದ ಚಿರಂಜೀವಿ ಎಂಬ ನಾಯಕರ ಹುಡುಗನನ್ನು ಬಳ್ಳಾರಿಯಲ್ಲಿ ರಿಜಿಸ್ಟರ್ ಮದುವೆಯಾದಳು. ಸುದ್ದಿ ಬಂದ ದಿನ ಸೋಮಶೇಖರಪ್ಪ ಕೂಗಾಡಲಿಲ್ಲ. ತಲೆಯ ಮೇಲೆ ನೀರು ಹೊಯ್ದುಕೊಂಡು ಬಂದು, ಗೋಡೆಯ ಮೇಲಿದ್ದ ಅವಳ ಫೋಟೋ ಇಳಿಸಿ, "ಇನ್ಮೇಲೆ ಈ ಮನ್ಯಾಗೆ ಆ ಹೆಸರು ಕೇಳಬಾರ್ದು" ಅಂದ. ಹೆಂಡತಿಯ ಫೋನಿನ ನಂಬರನ್ನೂ ಬದಲಾಯಿಸಿದ. ಊರಿಂದ ಹೊರಡುವ ಬಸ್ಸುಗಳೆಲ್ಲ ಅವನ ಗಲ್ಲಾದ ಮುಂದೆಯೇ ಹಾದು ಹೋಗಬೇಕು. ಒಬ್ಬಳೇ ಯಾವ ಬಸ್ಸನ್ನೂ ಹತ್ತಿ ಗೊತ್ತಿಲ್ಲದ ದಾಕ್ಷಾಯಿಣಿ ಎರಡು ವರ್ಷ ಮಗಳ ಹೆಸರನ್ನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಮಾತ್ರ ಹೇಳಿದಳು.

ಸೀತಾಫಲದ ಕಾಲ ಬಂದಿತ್ತು. ಸಿದ್ದಾಪುರದ ಗುಡ್ಡದ ಹಣ್ಣನ್ನು ಬುಟ್ಟಿಯಲ್ಲಿ ತಂದು ಬೀದಿ ಬೀದಿ ಮಾರುವ ಯರ್ರಮ್ಮ ಆ ಸೋಮವಾರಕ್ಕೆ ಮೊದಲು ಒಂದು ಮಧ್ಯಾಹ್ನ ಮುಂಬಾಗಿಲು ಬಿಟ್ಟು ಹಿತ್ತಲಿಗೆ ಬಂದಳು. ಬುಟ್ಟಿ ಇಳಿಸಿ, ಆಚೆ ಈಚೆ ನೋಡಿ, ಮೆಲ್ಲಗೆ ಹೇಳಿದಳು.

"ಅಮ್ಮಾ, ನಿನ್ ಮಗ್ಳು ನಮ್ಮೂರಾಗವಳೆ. ಬಳ್ಳಾರಿ ಬಿಟ್ಟು ಬಂದ್ರು. ಗಂಡ ಬಂದೋರಿಗೆಲ್ಲ ಬೆಟ್ಟ ತೋರಿಸೋ ಕೆಲ್ಸ ಮಾಡ್ತಾನೆ, ಬಂಗಾರದಂಥ ಹುಡ್ಗ. ಅವ್ಳಿಗೆ ಎಂಟು ತುಂಬ್ತೈತೆ. ಕಾಲು, ಮುಖ ಎಲ್ಲಾ ಊದೈತೆ. ಬಿಪಿ ಅಂತಾರೆ. ಕಣ್ಣು ಮಂಜು ಮಂಜು ಅಂತಾಳೆ."

ದಾಕ್ಷಾಯಿಣಿ ಬಾವಿಕಟ್ಟೆಯ ಮೇಲೆ ಕೂತಳು. ಯರ್ರಮ್ಮ ಸೊಂಟದ ಚೀಲದಿಂದ ಫೋನು ತೆಗೆದು, ಒತ್ತಿ, ಅವಳ ಕಿವಿಗೆ ಹಿಡಿದಳು.

"ಅವ್ವಾ." ಅಷ್ಟೇ. ಆಮೇಲೆ ಉಸಿರು. "ಅವ್ವಾ, ಒಂದ್ಸಲ ಬಾರೇ. ನಂಗ್ಯಾಕೋ ಭಯ ಆಗ್ತೈತೆ."

"ಬರ್ತೀನಿ ಮಗಳೇ" ಅಂದಳು ದಾಕ್ಷಾಯಿಣಿ. ಹೇಗೆ ಹೋಗುವುದೆಂದು ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಮುದ್ದಕ್ಕನ ಪಡಸಾಲೆಯಲ್ಲಿ ಬಾಲರಾಜುವಿನ ಫೋಟೋಗಳಲ್ಲಿ ಸಿದ್ದಾಪುರದ ಬಂಡೆ ಕಂಡಾಗ ಗೊತ್ತಾಯಿತು.

ಗಂಡನಿಗೆ ಮಾರಿಕಣಿವೆಗೆ ಹೋಗುತ್ತೇವೆ ಎಂದಳು. ಆ ಹುಡುಗನ ಹೆಸರು, ಊರು ಯಾವುದೆಂದು ಬೀದಿಯ ಹೆಂಗಸರಿಗೆ ಗೊತ್ತಿರದಿದ್ದರೂ ಸೋಮಶೇಖರಪ್ಪನಿಗೆ ಗೊತ್ತಿತ್ತು. ಆತ ಅನುಮಾನ ಪಡಲಿಲ್ಲ. "ಕಣಿವೆ ಮಾರಮ್ಮಂಗೆ ಹಣ್ಣುಕಾಯಿ ಮಾಡಿಸ್ಕಂಡು ಬಾ" ಎಂದಷ್ಟೇ ಹೇಳಿದ. ಆ ವಾರವೆಲ್ಲ ದಾಕ್ಷಾಯಿಣಿಗೆ ಅನ್ನ ಇಳಿಯಲಿಲ್ಲ. ತಿಪ್ಪೇರುದ್ರಮ್ಮ ಬಾಗಿಲಿಗೆ ಬಂದರೆ ಸಾಕು, ಗಂಡನಿಗೂ ಅವಳಿಗೂ ನಡುವೆ ಹೋಗಿ ನಿಂತು ಬೇರೆ ಮಾತು ತೆಗೆಯುತ್ತಿದ್ದಳು. ಭಾನುವಾರ ದಾಟಿದರೆ ಸಾಕು, ಆಮೇಲೆ ಮನೆಯಿಂದ ನೂಕಿದರೂ ನೂಕಲಿ ಎನ್ನುವಲ್ಲಿಗೆ ಬಂದಿದ್ದಳು. ಚೊಚ್ಚಲ ಬಸುರಿಗೆ ತವರಿನ ಹಸಿರು ಬಳೆ ಇಲ್ಲದೆ ಹೇಗೆ? ಬಳೆ, ರವಿಕೆ ಕಣ, ಒಂದು ಡಬ್ಬಿ ಸಜ್ಜಿಗೆ ಉಂಡೆ, ಎಲ್ಲವನ್ನೂ ಪೂಜೆಯ ಸಾಮಾನಿನ ಚೀಲದ ತಳಕ್ಕೆ ಸೇರಿಸಿ ಮೇಲೆ ತೆಂಗಿನಕಾಯಿ ಇಟ್ಟಳು.

ಭಾನುವಾರ ಬೆಳಿಗ್ಗೆ ವ್ಯಾನು ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ಹೋಗಬೇಕಾಯಿತು. ಮಾರಿಕಣಿವೆಗೆ ಹೋಗುವ ವ್ಯಾನು ಹಿರಿಯೂರಿನ ಕಡೆ ತಿರುಗಬೇಕು. ಇದು ಬಳ್ಳಾರಿ ರಸ್ತೆಗೆ ತಿರುಗಿತು. ಸೋಮಶೇಖರಪ್ಪ ಅಂಗಡಿಯ ಬಾಗಿಲು ಎತ್ತುತ್ತಿದ್ದ. ದಾಕ್ಷಾಯಿಣಿ ಬಿದ್ದದ್ದೇನನ್ನೋ ಹುಡುಕುವವಳಂತೆ ಸೀಟಿನ ಕೆಳಗೆ ಬಗ್ಗಿದಳು. ಪಕ್ಕದಲ್ಲಿದ್ದ ತಿಪ್ಪೇರುದ್ರಮ್ಮ ಕಿಟಕಿಯಿಂದ ಕೈ ಬೀಸಿ "ಅಣ್ಣಾ!" ಎಂದು ಕೂಗಿದಳು. ಆತ ತಿರುಗಿ ನೋಡಿದನೋ ಇಲ್ಲವೋ ದಾಕ್ಷಾಯಿಣಿಗೆ ತಿಳಿಯಲಿಲ್ಲ.

ಹಾದಿಯುದ್ದಕ್ಕೂ ಹೊಲಗಳಲ್ಲಿ ಕಡಲೆಕಾಯಿ ಗಿಡ ಕೀಳುತ್ತಿದ್ದರು. ತಳಕು ದಾಟಿತು, ಹಾನಗಲ್ ದಾಟಿತು. ಹೆಂಗಸರು ಅಂತ್ಯಾಕ್ಷರಿ ಶುರುಮಾಡಿದರು. ದಾಕ್ಷಾಯಿಣಿ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು, ಮಗಳನ್ನು ಕಂಡ ಕೂಡಲೇ ಮೊದಲು ಏನು ಮಾತಾಡಬೇಕೆಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಬೈಯಬಾರದು. ಅಳಬಾರದು. ಊಟ ಮಾಡಿದ್ದೀಯಾ ಅಂತ ಕೇಳಬೇಕು.

ಸಿದ್ದಾಪುರದ ಶಾಸನದ ಹತ್ತಿರ ವ್ಯಾನು ನಿಂತಾಗ ಗೇಟಿನ ಬಳಿ ಗೈಡು ಹುಡುಗ ಇರಲಿಲ್ಲ. ತಲೆಗೆ ಟವಲು ಸುತ್ತಿದ, ಕುರಿ ಕಾಯುವ ಕೋಲು ಹಿಡಿದ ವಯಸ್ಸಾದವನೊಬ್ಬ ನಿಂತಿದ್ದ. ಹೆಸರು ಕಾಟಪ್ಪ ಎಂದು ಹೇಳಿಕೊಂಡು ಎಲ್ಲರನ್ನೂ ಬಂಡೆಯ ಹತ್ತಿರ ಕರೆದುಕೊಂಡು ಹೋದ. ಮಗ್ಗಿ ಒಪ್ಪಿಸುವವನಂತೆ ಒಂದೇ ಉಸಿರಿಗೆ ಹೇಳತೊಡಗಿದ.

"ಇದು ಅಶೋಕ ರಾಜ ಬರೆಸಿದ್ದಮ್ಮಾ. ತಂದೆ ತಾಯಿ ಮಾತು ಕೇಳ್ಬೇಕು, ದೊಡ್ಡೋರಿಗೆ ಮರ್ಯಾದೆ ಕೊಡ್ಬೇಕು, ಜೀವ ಇರೋದ್ರ ಮ್ಯಾಲೆ ದಯೆ ಇರ್ಬೇಕು, ನಿಜ ಹೇಳ್ಬೇಕು ಅಂತ..."

"ಕೇಳಿಸ್ಕಳ್ರೇ, ಆವಾಗ್ಲೇ ಕಲ್ಲಿನ ಮೇಲೆ ಬರೆಸವ್ರೆ, ತಂದೆ ತಾಯಿ ಮಾತು ಕೇಳ್ಬೇಕು ಅಂತ" ಎಂದು ತಿಪ್ಪೇರುದ್ರಮ್ಮ ನಕ್ಕಳು.

ಮುದ್ದಕ್ಕ ಕೇಳಿದಳು. "ಗೈಡು ಚಿರಂಜೀವಿ ಅನ್ನೋ ಹುಡುಗ ಬರ್ತಾನೆ ಅಂದಿದ್ರಲ್ಲಪ್ಪಾ?"

ಕಾಟಪ್ಪನ ಮಾತು ಅಲ್ಲಿಗೇ ನಿಂತಿತು. "ನನ್ ಮಗನೇ ಅಮ್ಮಾ. ಬರ್ಬೇಕಿತ್ತು. ನಮ್ ಕೋಡಲಿಗೆ, ಸೊಸೆಗೆ, ಬೆಳಗಿನ ಜಾವ ಫಿಟ್ಸ್ ಬಂತು. ಒಂದಲ್ಲ, ಮತ್ತೆ ಮತ್ತೆ. ಬಸ್ರಿ. ಮೊಳಕಾಲ್ಮೂರಿಗೆ ಎತ್ಕಂಡೋದ್ರು, ಅಲ್ಲಿಂದ ಬಳ್ಳಾರಿಗೆ ಕಳಿಸವ್ರೆ. ನೀವು ದೂರದಿಂದ ಬರ್ತೀರಾ, ವಾಪಸ್ ಕಳಿಸ್ಬಾರ್ದು ಅಂತ ನನ್ನ ನಿಲ್ಸಿ ಹೋದ. ದೇವುಡಾ, ಏನಾಗೈತೋ."

ದಾಕ್ಷಾಯಿಣಿಯ ಕೈಯಿಂದ ಚೀಲ ಜಾರಿತು. ತೆಂಗಿನಕಾಯಿ ಬಂಡೆಯ ಮೇಲೆ ಉರುಳಿ ಹೋಯಿತು. ಯಾರೋ ಅದನ್ನು ಹಿಡಿಯಲು ಓಡಿದರು.

"ಯಾವ ಆಸ್ಪತ್ರೆ?" ಅವಳು ಕಾಟಪ್ಪನ ಎದುರು ಹೋಗಿ ನಿಂತಿದ್ದಳು. "ಬಳ್ಳಾರಿನಾಗೆ ಯಾವ ಆಸ್ಪತ್ರೆ? ಹೇಳು, ಯಾವ ಆಸ್ಪತ್ರೆ?"

"ದೊಡ್ಡಾಸ್ಪತ್ರೆ ಅಂದ್ರಮ್ಮಾ. ನೀನ್ಯಾಕೆ..."

"ನಾನು ತ್ರಿವೇಣಿ ಅವ್ವ."

ಕಾಟಪ್ಪ ತಲೆಯ ಟವಲು ಕಳಚಿ ಎರಡೂ ಕೈಗಳಲ್ಲಿ ಹಿಡಿದುಕೊಂಡ. ತಿಪ್ಪೇರುದ್ರಮ್ಮ ಗುಂಪಿನಿಂದ ಮುಂದೆ ಬಂದಳು.

"ಹರಕೆ ಅಂದ್ರಲ್ಲ ಅತ್ತಿಗೆ! ನಮ್ಮಣ್ಣನ ಜೀವದ ಮೇಲೆ ಹರಕೆ ಅಂದ್ರಲ್ಲ!"

"ಸುಳ್ಳು ಹೇಳ್ದೆ. ಎಲ್ಲಾ ಸುಳ್ಳು." ದಾಕ್ಷಾಯಿಣಿ ಮುದ್ದಕ್ಕನ ಕಡೆ ತಿರುಗಿದಳು. ಬಗ್ಗಿ ಅವಳ ಕಾಲು ಹಿಡಿದಳು. "ಮುದ್ದಕ್ಕಾ, ವ್ಯಾನು ಕೊಡಿಸು. ನಿನ್ ಕಾಲಿಗೆ ಬೀಳ್ತೀನಿ. ನನ್ ಮಗ್ಳು ಸಾಯ್ತಾಳೆ, ವ್ಯಾನು ಕೊಡಿಸು."

"ಏಳು. ಏಳೇ ಮೊದ್ಲು." ಮುದ್ದಕ್ಕ ಅವಳ ರಟ್ಟೆ ಹಿಡಿದು ಎತ್ತಿದಳು. "ಬಾಲರಾಜು, ಗಾಡಿ ತೆಗಿ. ನಾವಿಲ್ಲೇ ಬಂಡೆ ನೆರಳಿಗೆ ಕೂತಿರ್ತೀವಿ. ಹೊತ್ತಾದ್ರೆ ಬಸ್ಸಿಗೆ ಹೋಗ್ತೀವಿ. ನಮ್ಮ ಚಿಂತೆ ಬಿಡು."

"ನಾನು ಅಣ್ಣಂಗೆ ಫೋನ್ ಮಾಡ್ತೀನಿ" ಅಂದಳು ತಿಪ್ಪೇರುದ್ರಮ್ಮ.

"ಮಾಡು" ಅಂದಳು ದಾಕ್ಷಾಯಿಣಿ.

ಕಾಟಪ್ಪನೂ ವ್ಯಾನು ಹತ್ತಿದ. ಬಾಲರಾಜು ಹಾರನ್ನಿನ ಮೇಲೆ ಕೈ ಇಟ್ಟೇ ಓಡಿಸಿದ. ರಾಂಪುರ ಬರುವ ಮೊದಲೇ ದಾಕ್ಷಾಯಿಣಿಯ ಫೋನು ಹೊಡೆದುಕೊಂಡಿತು. ಅವಳು ನೋಡುತ್ತ ಕೂತಳು. ಅದು ನಿಂತು, ಮತ್ತೆ ಹೊಡೆದುಕೊಂಡಾಗ ಎತ್ತಿದಳು.

"ಎಲ್ಲಿದ್ದೀಯಾ?"

"ಬಳ್ಳಾರಿಗೆ ಹೋಗ್ತಿದ್ದೀನ್ರಿ. ತ್ರಿವೇಣಿಗೆ ಫಿಟ್ಸ್ ಬಂದೈತಂತೆ. ಬಸ್ರಿ. ಉಳಿತಾಳೋ ಇಲ್ವೋ ಗೊತ್ತಿಲ್ಲ."

ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಆ ಹೆಸರು ಹೇಳ್ಬ್ಯಾಡ ಅಂದಿದ್ದೆ."

"ಹೇಳ್ತೀನಿ. ತ್ರಿವೇಣಿ. ನನ್ ಮಗ್ಳು ತ್ರಿವೇಣಿ. ನೀವೂ ಬರ್ರಿ, ನಿಮ್ ದಮ್ಮಯ್ಯ, ಒಂದ್ಸಲ ಬಂದು ನೋಡ್ಕಂಡು ಹೋಗ್ರಿ. ಆಮೇಲೆ ಬೇಕಾದ್ರೆ..."

"ಹಂಗಾರೆ ಅಲ್ಲೇ ಇರು. ಈ ಮನೆಗೆ ಬರ್ಬ್ಯಾಡ."

ಫೋನು ಕಟ್ಟಾಯಿತು. ದಾಕ್ಷಾಯಿಣಿ ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ. ಮುಂದಿನ ಸೀಟಿನಲ್ಲಿದ್ದ ಕಾಟಪ್ಪ ತಿರುಗಿ ನೋಡದೆ, "ನೀರು ಕುಡಿಯಮ್ಮಾ" ಎಂದು ಬಾಟಲಿ ಹಿಂದಕ್ಕೆ ಚಾಚಿದ.

ಆಸ್ಪತ್ರೆಯ ಮಹಡಿಯ ಮೇಲೆ, ಹೆರಿಗೆ ವಾರ್ಡಿನ ಹೊರಗಿನ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಚಿರಂಜೀವಿಯ ತಾಯಿ ಉಚ್ಚಂಗೆಮ್ಮ. ಅವಳ ಮಡಿಲಲ್ಲಿ ಬಿಳಿ ಬಟ್ಟೆಯ ಗಂಟಿನಂಥದ್ದಿತ್ತು. ಪಕ್ಕದ ಕಂಬಕ್ಕೆ ಹಣೆ ಹಚ್ಚಿ ನಿಂತ ಹುಡುಗ ಬರಿಗಾಲಿನಲ್ಲಿದ್ದ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ದಾಕ್ಷಾಯಿಣಿ ತನ್ನ ಅಳಿಯನನ್ನು ಮೊದಲ ಸಲ ನೋಡಿದ್ದು ಹೀಗೆ. ಅವನೂ ಅವಳನ್ನು ನೋಡಿ ಗುರುತು ಹಿಡಿದ. ಮಗಳ ಮುಖವೇ ತಾಯಿಯದ್ದು.

"ಅತ್ತೀ" ಅಂದ. "ಆಪರೇಷನ್ ಮಾಡಿದ್ರು. ಮಗು ಉಳೀಲಿಲ್ಲ. ಅವ್ಳಿಗೆ ಇನ್ನೂ ಎಚ್ಚರ ಇಲ್ಲ. ಏನೂ ಹೇಳೋಕಾಗಲ್ಲ ಅಂತಾರೆ."

ದಾಕ್ಷಾಯಿಣಿ ಉಚ್ಚಂಗೆಮ್ಮನ ಎದುರು ನೆಲಕ್ಕೆ ಕೂತು ಎರಡು ಕೈಗಳನ್ನೂ ಚಾಚಿದಳು. "ನಂಗ್ ಕೊಡ್ರಿ."

ಉಚ್ಚಂಗೆಮ್ಮ ಕೊಟ್ಟಳು. ಹೆಣ್ಣು ಮಗು. ನಿದ್ದೆ ಮಾಡಿದ ಹಾಗೇ ಇತ್ತು. ತಲೆ ತುಂಬ ಕಪ್ಪು ಕೂದಲು, ಇನ್ನೂ ಒದ್ದೆ. ದಾಕ್ಷಾಯಿಣಿ ಬಟ್ಟೆ ಸರಿಸಿ ಕಾಲು ನೋಡಿದಳು, ಬೆರಳು ನೋಡಿದಳು, ಮತ್ತೆ ಮುಚ್ಚಿದಳು. ಸೆರಗಿನಿಂದ ಆ ಕೂದಲನ್ನು ಒರೆಸಿದಳು. ಕಾಟಪ್ಪ ಬಂದು "ಕೊಡಮ್ಮಾ, ಮಣ್ಣು ಮಾಡ್ಬೇಕು" ಅಂದಾಗ ಕೊಡಲಿಲ್ಲ. ಎರಡನೆಯ ಸಲ ಉಚ್ಚಂಗೆಮ್ಮನೇ ಅವಳ ಕೈಗಳನ್ನು ಬಿಡಿಸಿದಳು.

"ಬಳೆ ತಂದಿದ್ದೆ" ಅಂದಳು ದಾಕ್ಷಾಯಿಣಿ, ಯಾರಿಗೆಂದು ಇಲ್ಲದೆ.

"ಕೈ ಊದಿತ್ತು" ಅಂದಳು ಉಚ್ಚಂಗೆಮ್ಮ. "ಇದ್ದ ಬಳೆನೂ ಒಡೆದು ತೆಗೆದ್ರು." ಆಮೇಲೆ ಆ ಇಬ್ಬರು ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ತಲೆ ಇಟ್ಟು ಅತ್ತರು. ಅಲ್ಲಿಯವರೆಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ತ್ರಿವೇಣಿಗೆ ಎಚ್ಚರವಾಗುವವರೆಗೆ ದಾಕ್ಷಾಯಿಣಿ ಆ ಬಾಗಿಲು ಬಿಟ್ಟು ಕದಲಲಿಲ್ಲ. ಒಳಗೆ ಬಿಟ್ಟಾಗಲೆಲ್ಲ ಹೋಗಿ ಊದಿದ ಆ ಕೈಯನ್ನು ಹಿಡಿದು ನಿಲ್ಲುತ್ತಿದ್ದಳು. ಹೊರಗೆ ಕಳಿಸಿದರೆ ಗಾಜಿನ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದಳು. ಮಾರನೆಯ ದಿನ ಮಧ್ಯಾಹ್ನ ಮಗಳು ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತು ಏನೂ ಕಾಣದವಳಂತೆ ನೋಡಿ, "ಅವ್ವಾ, ಬಂದ್ಯಾ" ಅಂದಳು.

"ಬಂದೆ ಮಗಳೇ."

"ಮಗು?"

ಚಿರಂಜೀವಿ ಗೋಡೆಯ ಕಡೆ ತಿರುಗಿದ. ಹೇಳುವವರು ಬೇರೆ ಯಾರೂ ಇರಲಿಲ್ಲ. ದಾಕ್ಷಾಯಿಣಿ ಮಗಳ ಹಣೆಯ ಮೇಲೆ ಕೈ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತ್ರಿವೇಣಿ ಅಳಲಿಲ್ಲ. ಕಣ್ಣು ಮುಚ್ಚಿಕೊಂಡಳು. ಅಂದಿನಿಂದ ಬಹಳ ದಿನ ಯಾರೊಡನೆಯೂ ಮಾತಾಡಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳನ್ನು ಸಿದ್ದಾಪುರಕ್ಕೆ ಕರೆತಂದರು. ದಾಕ್ಷಾಯಿಣಿಯೂ ಜೊತೆಗೇ ಬಂದಳು. ಗುಡ್ಡದ ಬುಡದಲ್ಲಿ ಕಾಟಪ್ಪನದು ಎರಡಂಕಣದ ಮನೆ, ಪಕ್ಕದಲ್ಲೇ ಕುರಿಯ ಹಟ್ಟಿ. ಬೀಗಿತ್ತಿ ಲಿಂಗ ಕಟ್ಟಿದವಳೆಂದು ಉಚ್ಚಂಗೆಮ್ಮ ಅವಳಿಗೆ ಬೇರೆ ಒಲೆ ಹೂಡಿ, ಹೊಸ ಪಾತ್ರೆ ತೊಳೆದಿಟ್ಟಳು. ದಾಕ್ಷಾಯಿಣಿ ಅದೇ ಒಲೆಯ ಮೇಲೆ ಮಗಳಿಗೆ ಬೆಳ್ಳುಳ್ಳಿ ಸುಟ್ಟಳು, ಮೆಣಸಿನ ಸಾರು ಕಾಯಿಸಿದಳು. ತೊಟ್ಟಿಲಿಲ್ಲದ ಬಾಣಂತನ. ಮೈಗೆ ಎಣ್ಣೆ ಹಚ್ಚಿ, ಸುಡುವ ನೀರು ಹೊಯ್ದು, ಸೊಂಟ ಬಿಗಿದು ಕಟ್ಟಿ, ತಲೆಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಎದೆಯಲ್ಲಿ ಹಾಲು ಕಟ್ಟಿ ಮಗಳು ನರಳಿದಾಗ ಬಿಸಿ ಬಟ್ಟೆ ಒತ್ತಿ ಹಿಂಡಿ ತೆಗೆದು, ಅದನ್ನು ಚೆಲ್ಲಲು ಹೊರಗೆ ಬಂದು, ಚೆಲ್ಲಲಾರದೆ ಹುಣಸೆ ಮರದ ಕೆಳಗೆ ಬಟ್ಟಲು ಹಿಡಿದು ನಿಂತುಬಿಡುತ್ತಿದ್ದಳು.

ಒಂದು ದಿನ ತಿಪ್ಪೇರುದ್ರಮ್ಮ ದೊಡ್ಡ ಬ್ಯಾಗು ಹೊತ್ತುಕೊಂಡು ಬಸ್ಸಿನಲ್ಲಿ ಬಂದಳು. ಒಳಗೆ ದಾಕ್ಷಾಯಿಣಿಯ ಸೀರೆಗಳು.

"ನಿಮ್ಮಣ್ಣ ಕಳಿಸಿದ್ರಾ?"

"ಕಳಿಸು ಅನ್ಲಿಲ್ಲ, ಬ್ಯಾಡ ಅನ್ಲಿಲ್ಲ. ಬೀರುವಿನ ಕೀಲಿ ಮುಂದಿಟ್ಟು ಅಂಗಡಿಗೆ ಹೋದ. ನಾನೇ ತುಂಬ್ಕಂಡು ಬಂದೆ." ಅವಳು ಒಳಕ್ಕೆ ಇಣುಕಿ ಮಲಗಿದ್ದ ತ್ರಿವೇಣಿಯನ್ನು ನೋಡಿದಳು. ಬೈಯಲೆಂದೇ ಬಂದವಳಿರಬೇಕು, ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು.

"ಊಟ ಮಾಡ್ತಾರಾ?" ಎಂದು ಕೇಳಿದಳು ದಾಕ್ಷಾಯಿಣಿ.

"ಖಾನಾವಳಿಯಿಂದ ತರಿಸ್ತಾನೆ. ಅರ್ಧ ಉಳಿಸ್ತಾನೆ. ಯಾರ ಹತ್ರಾನೂ ಮಾತಿಲ್ಲ ಅತ್ತಿಗೆ. ನೀವೇ ಒಂದ್ಸಲ ಬಂದು ಕಾಲು ಹಿಡಿದ್ರೆ..."

"ಅವ್ಳನ್ನೂ ಒಳಗೆ ಕರಕಂಡ್ರೆ ಬರ್ತೀನಿ. ಹಂಗಂತ ಹೇಳು." ದಾಕ್ಷಾಯಿಣಿಯ ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಮಾತು ಬದಲಾಗಲಿಲ್ಲ. "ಇಲ್ಲಾಂದ್ರೆ ನಂಗೆ ಅಲ್ಲಿ ಏನೈತೆ?"

ಆ ಮಾತಿಗೆ ಚಳ್ಳಕೆರೆಯಿಂದ ಉತ್ತರ ಬರಲಿಲ್ಲ. ಸಂಕ್ರಾಂತಿ ಕಳೆಯಿತು. ಮೂವತ್ತು ವರ್ಷ ಜೊತೆಗಿದ್ದ ಗಂಡನನ್ನು ನೆನೆದು ಅವಳಿಗೆ ಎಷ್ಟೋ ಸಲ ಎದ್ದು ಹೊರಟುಬಿಡೋಣ ಅನಿಸುತ್ತಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ ಮಗಳನ್ನು ನೋಡಿ ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಅವಳೀಗಲೂ ಅಲ್ಲೇ ಇದ್ದಾಳೆ.

ಒಂದು ಸಂಜೆ ಕುರಿಗಳು ಹಟ್ಟಿಗೆ ಬರುವ ಹೊತ್ತಿಗೆ ದಾಕ್ಷಾಯಿಣಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ತ್ರಿವೇಣಿ ಎದುರಿನ ಬಂಡೆಗಳನ್ನೇ ನೋಡುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಅವ್ವಾ, ನೀನು ನೋಡಿದ್ಯಲ್ಲ. ಹೆಂಗಿತ್ತು ಮಗು?"

ದಾಕ್ಷಾಯಿಣಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ನಿಧಾನವಾಗಿ ಹೇಳಿದಳು. "ಬೆಳ್ಳಗಿದ್ಲು. ಮೂಗು ಅವರಪ್ಪಂದು. ಕಾಲ್ಬೆರಳು ಉದ್ದ, ನಿನ್ ಥರ. ತಲೆ ತುಂಬ ಕೂದ್ಲು ಕಣೇ."

"ಇನ್ನೂ ಹೇಳು" ಅಂದಳು ತ್ರಿವೇಣಿ. ತಾಯಿಯ ಮೊಣಕಾಲಿನ ಮೇಲೆ ತಲೆ ಇಟ್ಟು, ಅಷ್ಟು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಒಳಗಿನಿಂದ ಉಚ್ಚಂಗೆಮ್ಮ ಓಡಿ ಬಂದು ಹೊಸ್ತಿಲಲ್ಲೇ ನಿಂತಳು. ದಾಕ್ಷಾಯಿಣಿ ಅವಳ ಕಡೆ ನೋಡಿ, ಅಳಲಿ ಬಿಡು ಎಂದು ಕಣ್ಣಲ್ಲೇ ಹೇಳಿ, ಮಗುವಿನ ಕಿವಿ ಹೇಗಿತ್ತು, ಹುಬ್ಬು ಹೇಗಿತ್ತು ಎಂದು ಒಂದೊಂದಾಗಿ ಹೇಳುತ್ತ ಹೋದಳು.